ದೋಷಯುಕ್ತ ದ್ವಿಚಕ್ರ ವಾಹನಗಳ ಹಿಂಪಡೆಯುವಿಕೆ

ಮಾರಾಟವಾದ ವಾಹನದಲ್ಲಿ ಸುರಕ್ಷತೆಗೆ ಧಕ್ಕೆ ತರುವ ತಯಾರಿಕಾ ದೋಷ ಕಂಡುಬಂದಾಗ, ತಯಾರಕರು ಅಂಥ ವಾಹನಗಳನ್ನು ಮರಳಿ ಕರೆಸಿ ತಮ್ಮದೇ ಖರ್ಚಿನಲ್ಲಿ ಸರಿಪಡಿಸುವ ಕ್ರಮವನ್ನು ಹಿಂಪಡೆಯುವಿಕೆ ಅಥವಾ ರಿಕಾಲ್ ಎನ್ನುತ್ತಾರೆ. ಭಾರತದಲ್ಲಿ ಇದು 2012ರಿಂದ ತಯಾರಕರ ಸಂಘದ ಸ್ವಯಂಪ್ರೇರಿತ ಸಂಹಿತೆಯಷ್ಟೇ ಆಗಿತ್ತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ ಮೂಲಕ ಸೇರಿದ ಸೆಕ್ಷನ್ 110ಎ, ಹಿಂಪಡೆಯುವಂತೆ ಆದೇಶಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ನೀಡಿತು. ಸಂಬಂಧಿತ ನಿಯಮಗಳು 2021ರ ಏಪ್ರಿಲ್ 1ರಂದು ಜಾರಿಗೆ ಬಂದವು. ದೋಷವು ಒಂದು ಬಿಡಿಭಾಗದಲ್ಲಿದ್ದರೆ, ಆ ಭಾಗವನ್ನು ಅಳವಡಿಸಿದ ಎಲ್ಲ ವಾಹನಗಳಿಗೂ ಆದೇಶ ಅನ್ವಯಿಸಬಹುದು.

2021ರ ಮೇ ತಿಂಗಳಲ್ಲಿ ರಾಯಲ್ ಎನ್‌ಫೀಲ್ಡ್ ಇಗ್ನಿಷನ್ ಕಾಯಿಲ್‌ನ ದೋಷದಿಂದಾಗಿ 2,36,966 ಮೋಟಾರ್‌ಸೈಕಲ್‌ಗಳನ್ನು ಹಿಂಪಡೆಯಿತು. ಮುಂದಿನ ಫೋರ್ಕ್ ಮುರಿದ ದೂರುಗಳ ಬೆನ್ನಲ್ಲೇ ಬೆಂಗಳೂರಿನ ಓಲಾ ಎಲೆಕ್ಟ್ರಿಕ್ 2023ರ ಮಾರ್ಚ್‌ನಲ್ಲಿ ತನ್ನ ಸ್ಕೂಟರ್‌ಗಳಿಗೆ ಹೊಸ ವಿನ್ಯಾಸದ ಫೋರ್ಕನ್ನು ಉಚಿತವಾಗಿ ಅಳವಡಿಸಿಕೊಡುವುದಾಗಿ ಪ್ರಕಟಿಸಿತು. ಅದನ್ನು ಹಿಂಪಡೆಯುವಿಕೆ ಎನ್ನದೆ ಉನ್ನತೀಕರಣ ಎಂದು ಕರೆಯಿತು.

ಹಿಂಪಡೆಯುವ ಆದೇಶವಿಲ್ಲದಿದ್ದರೂ ಗ್ರಾಹಕರಿಗೆ ದಾರಿಯಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಸಲ್ಲಿಸಬಹುದು. ಹೀಗಾಗಿ ತಯಾರಕರು ಬೇರೆ ರಾಜ್ಯದಲ್ಲಿದ್ದರೂ ಬಸವನಗುಡಿ ಅಥವಾ ಚಾಮರಾಜಪೇಟೆಯ ನಿವಾಸಿಗಳು ಬೆಂಗಳೂರಿನಲ್ಲಿಯೇ ಪ್ರಕರಣ ಹೂಡಲು ಸಾಧ್ಯ. ದೂರಿಗೆ ಸಾಮಾನ್ಯವಾಗಿ ಎರಡು ವರ್ಷಗಳ ಕಾಲಮಿತಿಯಿದೆ. ಅಗತ್ಯವಿದ್ದಲ್ಲಿ ಆಯೋಗವು ದೋಷಯುಕ್ತ ವಸ್ತುವನ್ನು ಪ್ರಯೋಗಾಲಯದ ಪರೀಕ್ಷೆಗೆ ಕಳುಹಿಸುತ್ತದೆ. ಆದ್ದರಿಂದ ಮುರಿದ ಭಾಗವೇ ಮುಖ್ಯ ಸಾಕ್ಷ್ಯ. ದುರಸ್ತಿಯ ವೇಳೆ ಅದನ್ನು ಸರ್ವಿಸ್ ಕೇಂದ್ರದಲ್ಲೇ ಬಿಟ್ಟುಬಂದರೆ ದೋಷವನ್ನು ಸಾಬೀತುಪಡಿಸುವುದು ಕಷ್ಟವಾಗುತ್ತದೆ.