ಅಂಗಳಕ್ಕೆ ಎಷ್ಟು ಕಲ್ಲು ಬೇಕು?

ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದ್ದರೂ ತಾಳವಾಡಿಯ ಮನೆಮಾತು ಕನ್ನಡ. ಸಂತೆ, ಪೇಟೆ, ನಂಟಸ್ತಿಕೆಯೆಲ್ಲ ಹೆಚ್ಚಾಗಿ ಚಾಮರಾಜನಗರದ ಕಡೆಗೆ. ರಾಜ್‌ಕುಮಾರ್ ಅವರ ಗಾಜನೂರು ಇರುವ ಈ ಸೀಮೆಯಲ್ಲಿ ಕಲ್ಲಿಗಂತೂ ಬರವಿಲ್ಲ. ಹಾಗಿದ್ದೂ ಹೊಸ ಮನೆ ಕಟ್ಟಿದವರು ಅಂಗಳಕ್ಕೆ ಹರಡಲು ಬಿಳಿ ಪೆಬಲ್ಸ್ ಚೀಲಗಳನ್ನು ದೂರದ ಪಟ್ಟಣದಿಂದ ತರಿಸುತ್ತಾರೆ. ಫೋಟೋದಲ್ಲಿ ಚೆಂದ ಕಂಡಿದ್ದೇ ಕಾರಣ.

ಚಾಮರಾಜನಗರದ ಕರಿಕಲ್ಲಿಗೆ ಹೊರದೇಶಗಳಲ್ಲೂ ಗಿರಾಕಿಗಳಿದ್ದಾರೆ. ವ್ಯಾಪಾರದಲ್ಲಿ ಇದನ್ನು ಗ್ರಾನೈಟ್ ಎಂದರೂ ಭೂವಿಜ್ಞಾನಿಗಳಿಗೆ ಇದು ಡಾಲರೈಟ್: ಭೂಮಿಯ ಬಿರುಕುಗಳಿಗೆ ನುಗ್ಗಿದ ಶಿಲಾರಸ ಅಲ್ಲೇ ತಣಿದು ಗಟ್ಟಿಯಾದದ್ದು. ಪಕ್ಕದ ಬಿಳಿಗಿರಿರಂಗನ ಬೆಟ್ಟದ ಸಾಲಿನದು ಚಾರ್ನೊಕೈಟ್, ಎಣ್ಣೆ ಸವರಿದಂಥ ಹಸಿರು ಛಾಯೆಯ ಕಡು ಬೂದುಗಲ್ಲು. ಕೋಲ್ಕತ್ತದಲ್ಲಿರುವ ಜಾಬ್ ಚಾರ್ನಾಕ್‌ನ ಸಮಾಧಿಗೆ ಬಳಸಿದ ಕಲ್ಲು ಈ ಜಾತಿಯದೇ ಆದ್ದರಿಂದ ಆ ಹೆಸರು ಬಂತು.

ಕರಿಕಲ್ಲಿನ ಕ್ವಾರಿಗಳಲ್ಲಿ ಬಿರುಕಿಲ್ಲದ ದಿಮ್ಮಿ ಸಿಗುವುದು ಕಡಿಮೆ, ಉಳಿದದ್ದು ತುಂಡುಗಲ್ಲಾಗಿ ರಾಶಿ ಬೀಳುತ್ತದೆ. ಅಂಗಳಕ್ಕೆ ಬೇಕಾದದ್ದು ಈ ತುಂಡುಗಳೇ. ಗಿಡದ ಪಾತಿಗೆ ಅಂಚು ಕಟ್ಟಲು, ನಡೆಯುವ ದಾರಿಗೆ ಹಾಸಲು ಇದಕ್ಕಿಂತ ಗಟ್ಟಿಯಾದದ್ದು ಹುಡುಕಬೇಕಿಲ್ಲ. ಒಂದೇ ಎಚ್ಚರಿಕೆ: ಕರಿಕಲ್ಲು ಮಧ್ಯಾಹ್ನದ ಬಿಸಿಲಿಗೆ ಚುರುಗುಟ್ಟುತ್ತದೆ. ಬರಿಗಾಲಲ್ಲಿ ಓಡಾಡುವ ಕಡೆಗೂ ಎಳೆ ಗಿಡದ ಬುಡಕ್ಕೂ ಅದು ಬೇಡ.

ಬಿಳಿ ಕಲ್ಲಿನ ತಾಪತ್ರಯವೇ ಬೇರೆ. ಕೆಮ್ಮಣ್ಣಿನ ಊರಲ್ಲಿ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದು ಕಂದು ಬಣ್ಣಕ್ಕೆ ತಿರುಗುತ್ತದೆ, ನೆರಳಿದ್ದಲ್ಲಿ ಪಾಚಿ ಕಟ್ಟುತ್ತದೆ. ಅದು ಅಮೃತಶಿಲೆಯ ಚೂರಾಗಿದ್ದರೆ ಸುಣ್ಣದಂಶ ನಿಧಾನವಾಗಿ ಮಣ್ಣಿಗಿಳಿದು, ನೀಲಿ ಹೂ ಬಿಡುತ್ತಿದ್ದ ಹೈಡ್ರೇಂಜಿಯಾ ಗುಲಾಬಿ ಬಣ್ಣದ ಹೂ ಬಿಡಲೂಬಹುದು. ಪುಡಿ ಮಾಡಿದ ಚೂರಿನ ಮೇಲೆ ನಿಂಬೆರಸ ಹಿಂಡಿದಾಗ ಸಣ್ಣ ಗುಳ್ಳೆ ಎದ್ದರೆ ಅದು ಸುಣ್ಣದ ಕಲ್ಲು, ಬೆಣಚುಕಲ್ಲಿನಲ್ಲಿ ಏಳುವುದಿಲ್ಲ. ಬಣ್ಣದ ಪೆಬಲ್ಸ್ ಆದರೆ ಒದ್ದೆ ಬಟ್ಟೆಯಲ್ಲಿ ಉಜ್ಜಿ ನೋಡಬೇಕು. ಬಣ್ಣ ಬಟ್ಟೆಗಂಟಿದರೆ ಅಂಗಡಿಯಲ್ಲೇ ಬಿಟ್ಟು ಬರುವುದು ಒಳಿತು.

ಇನ್ನು ಲೆಕ್ಕ. ಮೋಸ ಹೋಗುವುದು ಇಲ್ಲೇ, ಏಕೆಂದರೆ ಜಲ್ಲಿಯನ್ನು ಯೂನಿಟ್ಟಿನಲ್ಲಿ ಅಳೆಯುತ್ತಾರೆ, ಪೆಬಲ್ಸನ್ನು ಚೀಲದಲ್ಲಿ, ದೊಡ್ಡ ಕಲ್ಲನ್ನು ಟನ್ನಿನಲ್ಲಿ. ಒಂದು ಯೂನಿಟ್ ಎಂದರೆ 100 ಘನ ಅಡಿ. 20 ಅಡಿ ಉದ್ದ, 6 ಅಡಿ ಅಗಲದ ಪಾತಿಗೆ 3 ಇಂಚು ದಪ್ಪ ಹರಡಬೇಕೆಂದಿಟ್ಟುಕೊಳ್ಳಿ. 3 ಇಂಚು ಎಂದರೆ ಕಾಲು ಅಡಿ. 120 ಚದರ ಅಡಿಗೆ 30 ಘನ ಅಡಿ ಕಲ್ಲು. ಮೂಲೆಮುಡುಕಿಗೆಂದು ನೂರಕ್ಕೆ ಹತ್ತು ಸೇರಿಸಿದರೆ 33. ಸಡಿಲ ಕಲ್ಲು ಘನ ಅಡಿಗೆ ಸುಮಾರು 43 ಕೆಜಿ ತೂಗುವುದರಿಂದ ಒಟ್ಟು 1,400 ಕೆಜಿಗೆ ತುಸು ಮೇಲೆ. 50 ಕೆಜಿ ಚೀಲವಾದರೆ 29 ಬೇಕು. ಟಾಟಾ ಏಸ್‌ನಂಥ ಪುಟ್ಟ ಗಾಡಿಗೆ ಎರಡು ಸಲದ ಬಾಡಿಗೆ.

ಅಂಗಳದ ನಡುವೆ ಕೂರಿಸುವ ಗುಂಡುಕಲ್ಲಿನ ತೂಕ ಯಾರ ಅಂದಾಜಿಗೂ ಸಿಗುವುದಿಲ್ಲ. ಇಡೀ ಗ್ರಾನೈಟ್ ಘನ ಅಡಿಗೆ 76 ಕೆಜಿಯ ಆಸುಪಾಸು. ಮೂರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಉರುಟು ಕಲ್ಲು ಮೂಲೆ ಸವೆದದ್ದನ್ನು ಕಳೆದರೂ 600 ಕೆಜಿ ಬರುತ್ತದೆ. ನಾಲ್ಕಾಳು ಎತ್ತುವ ಮಾತಲ್ಲ, ಜೆಸಿಬಿ ಬರಲು ದಾರಿ ಇದೆಯೇ ಎಂದು ಮೊದಲೇ ನೋಡಬೇಕು. ಮೂರರಲ್ಲೊಂದು ಪಾಲು ಮಣ್ಣಿನೊಳಗೆ ಹೂತರೆ ಕಲ್ಲು ಅಲ್ಲೇ ಹುಟ್ಟಿದಂತೆ ಕಾಣುತ್ತದೆ.

ಸತ್ಯಮಂಗಲದ ಕಡೆಯಿಂದ ತರಿಸುವವರಿಗೆ ದಿಂಬಂ ಘಾಟಿಯ 27 ತಿರುವುಗಳು ಎದುರಾಗುತ್ತವೆ. ಹುಲಿ ಸಂರಕ್ಷಿತ ಅರಣ್ಯ ಹಾಯುವ ಈ ದಾರಿಯಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದ ಮೇರೆಗೆ 2022ರಿಂದ ರಾತ್ರಿ ಸಂಚಾರಕ್ಕೂ ಭಾರೀ ಲಾರಿಗಳಿಗೂ ನಿರ್ಬಂಧವಿದೆ. ಬಾಡಿಗೆ ಏರುವುದು ಹೀಗೆ.

ಹಳ್ಳದ ನುಣುಪುಗಲ್ಲು ಪುಕ್ಕಟೆ ಸಿಗುತ್ತದೆಂದು ಕಾಡಿನೊಳಗೆ ಇಳಿಯಬೇಡಿ. ಅರಣ್ಯದಿಂದ ಕಲ್ಲೆತ್ತುವುದು ಅಪರಾಧ. ಕ್ವಾರಿಯಿಂದ ತಂದರೂ ಬಿಲ್ಲು, ಸಾಗಣೆ ಪರವಾನಗಿ ಎರಡನ್ನೂ ಕೇಳಿ ಪಡೆಯಿರಿ.