ಫ್ಯಾನ್ ನಿಂತಿದೆ ಅಂದ್ರೆ ಆಫ್ ಆಗಿದೆ ಅಂತಲ್ಲ: ಕಾರ್ಖಾನೆಯ ಎಕ್ಸಾಸ್ಟ್ ಫ್ಯಾನ್ ಮುಟ್ಟೋ ಮುಂಚೆ ಇದನ್ನ ಕೇಳಿ

ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ

ಇವತ್ತು ಮಾತಾಡ್ತಿರೋದು ಯಾರೂ ತಲೆ ಎತ್ತಿ ನೋಡದ ಒಂದು ಯಂತ್ರದ ಬಗ್ಗೆ. ಪೀಣ್ಯದ ಮಷಿನ್ ಶಾಪ್ ಇರಲಿ, ಬೆಳಗಾವಿ ಉದ್ಯಮಬಾಗದ ಫೌಂಡ್ರಿ ಇರಲಿ, ನಿಮ್ಮೂರಿನ ಕಲ್ಯಾಣ ಮಂಟಪದ ಅಡುಗೆಮನೆ ಇರಲಿ, ಗೋಡೆ ಮೇಲ್ಗಡೆ ಒಂದು ದೊಡ್ಡ ಎಕ್ಸಾಸ್ಟ್ ಫ್ಯಾನ್ ತಿರುಗ್ತಾ ಇರುತ್ತೆ. ಹೊಗೆ, ಬಿಸಿ, ಧೂಳು ಹೊರಗೆ ಹಾಕೋದು ಅದರ ಕೆಲಸ. ಐಟಿಐ ಮುಗಿಸಿ ಈಗಷ್ಟೇ ಕೆಲಸಕ್ಕೆ ಸೇರಿದ ಹುಡುಗನಿಗೆ "ಹತ್ತಿ ಸ್ವಲ್ಪ ಅದನ್ನ ಕ್ಲೀನ್ ಮಾಡಪ್ಪ" ಅಂತ ಹೇಳೋದೂ ಇದೇ ಫ್ಯಾನ್ ತೋರಿಸಿ. ಈ ಸಂಚಿಕೆ ಆ ಹುಡುಗನಿಗೆ, ಅವನಿಗೆ ಕೆಲಸ ಹೇಳೋರಿಗೂ.

ಮೊದಲು ಒಂದು ಲೆಕ್ಕ. 18 ಇಂಚಿನ ಫ್ಯಾನ್ ನಿಮಿಷಕ್ಕೆ 1400 ಸುತ್ತು ತಿರುಗಿದರೆ ರೆಕ್ಕೆಯ ತುದಿ ಗಂಟೆಗೆ ಸುಮಾರು 120 ಕಿ.ಮೀ. ವೇಗದಲ್ಲಿ ಓಡುತ್ತೆ. ಹೈವೇಲಿ ಹೋಗೋ ಕಾರಿನ ವೇಗ ಅದು. ಕೈ ತಾಗಿದರೆ ಹಿಂದಕ್ಕೆ ಎಳ್ಕೊಳ್ಳೋಕೆ ಸಮಯಾನೇ ಸಿಗಲ್ಲ. ಅದಕ್ಕೇ ತಿರುಗೋ ಫ್ಯಾನ್ ಕಂಡ್ರೆ ಎಲ್ಲರಿಗೂ ಭಯ ಇರುತ್ತೆ. ನಿಂತಿರೋ ಫ್ಯಾನ್ ಕಂಡ್ರೆ ಭಯ ಇರಲ್ಲ. ಬೆರಳು ಹೋಗೋದು ಅಲ್ಲೇ.

ನಿಂತ ಫ್ಯಾನ್ ತಾನಾಗೇ ಯಾಕೆ ತಿರುಗುತ್ತೆ?

ಒಂದು, ಕರೆಂಟ್. "ಹೇಗೂ ಕರೆಂಟ್ ಹೋಗಿದೆ, ಈಗಲೇ ಒರೆಸಿಬಿಡೋಣ" ಅಂತ ಏಣಿ ಹತ್ತೋರು ಬಹಳ ಜನ. ಫ್ಯಾನ್ ನೇರವಾಗಿ ಮಾಮೂಲಿ ಸ್ವಿಚ್‌ಗೆ ಕೊಟ್ಟಿದ್ದು, ಸ್ವಿಚ್ ಆನ್ ಇದ್ರೆ, ಕರೆಂಟ್ ಬಂದ ಕ್ಷಣ ಅದು ಓಡುತ್ತೆ. ಒಳ್ಳೆ ಸ್ಟಾರ್ಟರ್‌ನಲ್ಲಿ ಕರೆಂಟ್ ಹೋದ ಕೂಡಲೇ ಒಳಗಿನ ಕಾಯಿಲ್ ಬಿಟ್ಟುಕೊಳ್ಳುತ್ತೆ. ಯಾರಾದರೂ ಹಸಿರು ಬಟನ್ ಒತ್ತೋವರೆಗೆ ಮತ್ತೆ ಚಾಲೂ ಆಗಲ್ಲ. ನಿಮ್ಮ ಫ್ಯಾನ್ ಯಾವ ಥರದ್ದು ಅಂತ ಇವತ್ತೇ ನೋಡಿಟ್ಕೊಳ್ಳಿ.

ಎರಡು, ಬಿಸಿ. ಕೆಲವು ಮೋಟಾರ್‌ಗಳ ಒಳಗೆ ಬಿಸಿ ಹೆಚ್ಚಾದ್ರೆ ಟ್ರಿಪ್ ಆಗೋ ವ್ಯವಸ್ಥೆ ಇರುತ್ತೆ. ಅದರಲ್ಲಿ ತಾನಾಗೇ ರೀಸೆಟ್ ಆಗೋದೂ ಇದೆ. ಫ್ಯಾನ್ ಕೆಟ್ಟಿದೆ ಅಂದ್ಕೊಂಡು ಜಾಲರಿ ಬಿಚ್ಚಿರ್ತೀರಿ. ಮೋಟಾರ್ ತಣ್ಣಗಾದ ಕೂಡಲೇ ಮತ್ತೆ ತಿರುಗುತ್ತೆ.

ಮೂರು, ಟೈಮರ್ ಅಥವಾ ಥರ್ಮೋಸ್ಟಾಟ್. ಕೋಳಿ ಶೆಡ್, ಗೋದಾಮುಗಳಲ್ಲಿ ಶಾಖ ಏರಿದಾಗ ಫ್ಯಾನ್ ತಾನೇ ಆನ್ ಆಗುತ್ತೆ. ಅದು ಯಾರನ್ನೂ ಕೇಳಲ್ಲ.

ನಾಲ್ಕು, ಗಾಳಿ. ಮೇನ್ ಆಫ್ ಇದ್ರೂ ಹೊರಗಿನ ಗಾಳಿಗೆ, ಅಥವಾ ಪಕ್ಕದ ಫ್ಯಾನ್ ಎಳೆತಕ್ಕೆ, ರೆಕ್ಕೆ ತಿರುಗಬಹುದು. ಬೆಲ್ಟ್ ಇರೋ ಫ್ಯಾನ್‌ನಲ್ಲಿ ಪುಲಿ ಮತ್ತು ಬೆಲ್ಟ್ ನಡುವೆ ಬೆರಳು ಸಿಕ್ಕೋಕೆ ಅಷ್ಟು ಸಾಕು.

ಬೀಗ ಹಾಕಿ, ಕೀ ಜೇಬಲ್ಲಿಟ್ಕೊಳ್ಳಿ

ಈ ನಾಲ್ಕಕ್ಕೂ, ಜೊತೆಗೆ ಗೊತ್ತಿಲ್ಲದೆ ಬಂದು ಸ್ವಿಚ್ ಹಾಕೋ ಸಹೋದ್ಯೋಗಿಗೂ, ಉತ್ತರ ಒಂದೇ ಕ್ರಮ. ಫ್ಯಾನ್ ಆಫ್ ಮಾಡಿ. ಅದರ ಐಸೊಲೇಟರ್ ಅಥವಾ ಎಂಸಿಬಿ ಇಳಿಸಿ. ಅದಕ್ಕೆ ಬೀಗ ಹಾಕಿ, "ಕೆಲಸ ನಡೀತಿದೆ, ಮುಟ್ಟಬೇಡಿ" ಅಂತ ಹೆಸರು ಬರೆದ ಚೀಟಿ ತೂಗುಹಾಕಿ. ಕೀ ನಿಮ್ಮ ಜೇಬಲ್ಲೇ ಇರಲಿ. ಇಬ್ಬರು ಕೆಲಸ ಮಾಡ್ತಿದ್ರೆ ಎರಡು ಬೀಗ. ಆಮೇಲೆ ಸ್ಟಾರ್ಟ್ ಬಟನ್ ಒತ್ತಿ ನೋಡಿ, ಓಡಬಾರದು. ಟರ್ಮಿನಲ್ ಮುಟ್ಟೋ ಕೆಲಸ ಇದ್ರೆ ಎಲೆಕ್ಟ್ರಿಷಿಯನ್ ಮೀಟರ್ ಇಟ್ಟು ಕರೆಂಟ್ ಇಲ್ಲ ಅಂತ ಖಚಿತ ಮಾಡಲಿ. ಸಿಂಗಲ್ ಫೇಸ್ ಮೋಟಾರ್‌ನ ಕೆಪಾಸಿಟರ್‌ನಲ್ಲಿ, ವೇಗ ನಿಯಂತ್ರಿಸೋ ಡ್ರೈವ್‌ನಲ್ಲಿ, ಆಫ್ ಮಾಡಿದ ಮೇಲೂ ಸ್ವಲ್ಪ ಹೊತ್ತು ಚಾರ್ಜ್ ಉಳಿದಿರುತ್ತೆ. ಕೊನೆಗೆ, ರೆಕ್ಕೆ ಪೂರ್ತಿ ನಿಂತ ಮೇಲೆ ಅದು ಅಲುಗಾಡದ ಹಾಗೆ ಕಟ್ಟಿ. ಇಷ್ಟಕ್ಕೂ ಬೇಕಾಗೋದು ಹತ್ತು ನಿಮಿಷ.

ಫಿಟ್ ಮಾಡುವಾಗ

ಗೋಡೆ ಆ ಭಾರ ತಡೆಯುತ್ತಾ ಅಂತ ಮೊದಲು ನೋಡಿ. ಶೀಟ್ ಗೋಡೆಯಾದ್ರೆ ಆ್ಯಂಗಲ್ ಫ್ರೇಮ್ ಬೇಕು. ಬೋಲ್ಟ್‌ಗೆ ಲಾಕ್ ನಟ್ ಹಾಕಿ. ಅದುರಿ ಅದುರಿ ಮಾಮೂಲಿ ನಟ್ ಸಡಿಲ ಆಗುತ್ತೆ. ಕೈ ಎಟುಕೋ ಕಡೆಯೆಲ್ಲ ಜಾಲರಿ ಇರಲೇಬೇಕು. ಮೋಟಾರ್ ಬಾಡಿಗೆ ಅರ್ಥಿಂಗ್ ತಪ್ಪಿಸಬೇಡಿ.

ಇನ್ನೊಂದು, ಗಾಳಿ ಒಳಗೆ ಬರೋ ದಾರಿ. ಎಲ್ಲ ಕಿಟಕಿ ಮುಚ್ಚಿಟ್ಟು ಎಷ್ಟು ದೊಡ್ಡ ಫ್ಯಾನ್ ಹಾಕಿದ್ರೂ ಹೊಗೆ ಹೋಗಲ್ಲ. ಫ್ಯಾನ್ ಪಕ್ಕದಲ್ಲೇ ಕಿಟಕಿ ತೆರೆದಿದ್ರೆ ಅಲ್ಲಿಂದ ಬಂದ ಗಾಳಿ ಅಲ್ಲಿಂದಲೇ ಹೋಗುತ್ತೆ, ಕೆಲಸದ ಜಾಗ ಹಾಗೇ ಬೇಯುತ್ತೆ. ಗಾಳಿ ಎದುರು ಗೋಡೆಯಿಂದ ಬಂದು, ಕೆಲಸದವರನ್ನ ದಾಟಿ, ಹೊಗೆ ಎತ್ತಿಕೊಂಡು ಹೊರಗೆ ಹೋಗಬೇಕು.

ಗಾಳಿ ಸಾಲದು ಅಂತ ಪುಲಿ ಬದಲಿಸಿ ವೇಗ ಹೆಚ್ಚಿಸೋದು ಇನ್ನೊಂದು ಚಾಳಿ. ವೇಗ ಶೇ 10ರಷ್ಟು ಹೆಚ್ಚಾದ್ರೆ ಗಾಳಿ ಹೆಚ್ಚಾಗೋದೂ ಶೇ 10 ಅಷ್ಟೇ. ಆದ್ರೆ ಫ್ಯಾನ್ ಕೇಳೋ ಪವರ್ ಶೇ 33ರಷ್ಟು ಏರುತ್ತೆ. ಮೋಟಾರ್ ಸುಡೋದು ಹಾಗೆ.

ದಿಕ್ಕಿನ ಮೋಸ

ತ್ರೀ ಫೇಸ್ ಮೋಟಾರ್‌ನಲ್ಲಿ ಎರಡು ವೈರ್ ಅದಲು ಬದಲಾದ್ರೆ ಮೋಟಾರ್ ಉಲ್ಟಾ ತಿರುಗುತ್ತೆ. ಗೋಡೆ ಫ್ಯಾನ್ ಆದ್ರೆ ಹೊಗೆ ಒಳಗೇ ಬರುತ್ತೆ, ಗೊತ್ತಾಗುತ್ತೆ. ಬ್ಲೋವರ್ ಥರದ್ದಾದ್ರೆ ಉಲ್ಟಾ ತಿರುಗಿದ್ರೂ ಗಾಳಿ ಅದೇ ದಿಕ್ಕಿಗೇ ಹೋಗುತ್ತೆ, ಪ್ರಮಾಣ ಮಾತ್ರ ತುಂಬಾ ಕಡಿಮೆ. ಎಲ್ಲ ಸರಿ ಇದೆ ಅಂದ್ಕೊಂಡು ಕೆಲಸದವರು ತಿಂಗಳುಗಟ್ಟಲೆ ಹೊಗೆ ಕುಡೀತಾರೆ. ಅದಕ್ಕೆ ಬಾಡಿ ಮೇಲಿರೋ ಬಾಣದ ಗುರುತಿಗೆ ದಿಕ್ಕು ತಾಳೆ ಹಾಕಿ ನೋಡಿ.

ಫ್ಯಾನ್ ಮೊದಲೇ ಹೇಳುತ್ತೆ

ಎಣ್ಣೆ ಜಿಡ್ಡು, ಧೂಳು ಒಂದು ರೆಕ್ಕೆಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಅಂಟಿದ್ರೆ ತೂಕ ತಪ್ಪುತ್ತೆ, ಫ್ಯಾನ್ ಅದುರುತ್ತೆ, ಬೇರಿಂಗ್ ಸವೆಯುತ್ತೆ. ಆದ್ದರಿಂದ ಎಲ್ಲ ರೆಕ್ಕೆಗಳನ್ನೂ ಒಂದೇ ಸಮ ಒರೆಸಿ. ಹೊಸ ಸದ್ದು, ಹೊಸ ನಡುಕ, ಸುಟ್ಟ ವಾಸನೆ, ಇದರಲ್ಲಿ ಒಂದು ಬಂದ್ರೂ ನಿಲ್ಲಿಸಿ ನೋಡಿ. ಗ್ರೀಸ್ ಕಡಿಮೆಯಾದ್ರೆ ಮಾತ್ರ ಅಲ್ಲ, ಹೆಚ್ಚಾದ್ರೂ ಬೇರಿಂಗ್ ಬಿಸಿಯಾಗುತ್ತೆ. ಅಡುಗೆಮನೆ ಫ್ಯಾನ್‌ನ ಜಿಡ್ಡಿಗೆ ಬೆಂಕಿ ಹತ್ತುತ್ತೆ ಅನ್ನೋದೂ ನೆನಪಿರಲಿ.

ಅಡುಗೆಮನೆಯಲ್ಲಿ ಗ್ಯಾಸ್ ವಾಸನೆ ಬಂದ್ರೆ ಎಕ್ಸಾಸ್ಟ್ ಹಾಕಬೇಡಿ. ಸ್ವಿಚ್‌ನ ಒಂದು ಕಿಡಿ ಸಾಕು. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಹತ್ರ ಕೂರುತ್ತೆ. ಬಾಗಿಲು ಕಿಟಕಿ ತೆರೆದು ಹೊರಗೆ ಬನ್ನಿ. ಪೇಂಟ್, ಥಿನ್ನರ್ ಆವಿ ಇರೋ ಜಾಗಕ್ಕೆ ಕಿಡಿ ಹೊರಬಿಡದ ಫ್ಲೇಮ್‌ಪ್ರೂಫ್ ಮೋಟಾರ್ ಬೇಕು.

ಯಾರಿಗಾದರೂ ಶಾಕ್ ಹೊಡೆದ್ರೆ ಮುಟ್ಟಬೇಡಿ. ಮೊದಲು ಮೇನ್ ಇಳಿಸಿ, ಆಮೇಲೆ 108ಕ್ಕೆ ಫೋನ್ ಮಾಡಿ.

ಕೊನೆ ಮಾತು. ಕೆಲಸಕ್ಕೆ ಹೊಸಬರಾದಾಗ "ಬೀಗ ಇಲ್ಲದೆ ಹತ್ತಲ್ಲ" ಅನ್ನೋದು ಕಷ್ಟ, ನಮಗೂ ಗೊತ್ತು. ಆದ್ರೆ ಕಾರ್ಖಾನೆಯಲ್ಲಿ ಒಳ್ಳೆ ಗಾಳಿ ಇರಬೇಕು, ಅಪಾಯದ ಭಾಗಗಳಿಗೆ ತಡೆ ಇರಬೇಕು ಅನ್ನೋದು 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿದ್ದ ಮಾತು, ನೀವು ಹೊಸದಾಗಿ ಕೇಳ್ತಿರೋದಲ್ಲ. "ಸರ್, ಎಂಸಿಬಿಗೆ ಬೀಗ ಹಾಕಿ ಬಂದು ಹತ್ತು ನಿಮಿಷದಲ್ಲಿ ಮಾಡಿಕೊಡ್ತೀನಿ" ಅಂತ ಹೇಳಿ ನೋಡಿ. ಬೇಡ ಅನ್ನೋರು ಕಡಿಮೆ.

ಈ ಸಂಚಿಕೆಯನ್ನ ನಿಮ್ಮ ಶಾಪ್‌ನ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿ.