ಸಿರಾದಿಂದ ಕಿತ್ತು ತಂದು ಕಟ್ಟಿದ ಗಂಜಾಂ

ಶ್ರೀರಂಗಪಟ್ಟಣದ ಕೋಟೆ ದಾಟಿ ಪೂರ್ವಕ್ಕೆ ಬಂದರೆ ಗಂಜಾಂ. ನಾನು ಹೋದ ದಿನ ನಿಮಿಷಾಂಬ ಗುಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಹೊಳೆಯ ಮೆಟ್ಟಿಲ ತುಂಬ ಜನ. ಜನಜಂಗುಳಿಯಿಂದ ತುಸು ಆಚೆ ಅಂಜೂರದ ತೋಟವೊಂದು ಕಂಡಿತು; ಒಳಗೆ ಹಣ್ಣು ಕೀಳುತ್ತಿದ್ದ ಹಿರಿಯರೊಬ್ಬರು ಮಾತಿಗೆ ಸಿಕ್ಕರು.

‘ಕಾಯಿ ಕಿತ್ರೆ ಹಣ್ಣಾಗಾಕಿಲ್ಲ ಸಾ, ಗಿಡದಾಗೇ ಮಾಗ್ಬೇಕು. ಮಾಗಕ್ಕೆ ಬುಟ್ರೆ ಬಾವ್ಲಿ ಬುಡಾಕಿಲ್ಲ. ಇವೊತ್ತು ಕಿತ್ತಿದ್ದು ನಾಳೀಕೆ ಮೆತ್ತಗಾಯ್ತದೆ,’ ಎಂದರು. ತೊಟ್ಟಿನ ಹಾಲು ತಾಗಿ ಅವರ ಬೆರಳ ಸಂದಿ ಸುಲಿದಿತ್ತು. ಗಂಜಾಂ ಅಂಜೂರಕ್ಕೆ ದೂರದೂರಲ್ಲೂ ಹೆಸರಿದೆ. ಆದರೆ ಅವರ ಮಕ್ಕಳಿಗೆ ಈ ಕೆಲಸ ಬೇಡವಾಗಿದೆ, ತೋಟ ಸೈಟಾದರೆ ಒಂದೇ ಸಲಕ್ಕೆ ದುಡ್ಡು. ‘ನಮ್ಮ ಕಾಲುಕ್ಕೆ ಮುಗೀತು’ ಎನ್ನುವಾಗಲೂ ಬುಟ್ಟಿಗೆ ಎಲೆ ಹಾಸಿ ಒಂದೊಂದೇ ಹಣ್ಣು ಜೋಡಿಸುತ್ತಿದ್ದರು.

ಊರಿನ ಹಿನ್ನೆಲೆ ಇಷ್ಟು. ರಾಜಧಾನಿಯ ಮಗ್ಗುಲಿಗೆ ಪೇಟೆಯೊಂದು ಬೇಕೆಂದು ಟಿಪ್ಪು ಸುಲ್ತಾನ್ ಸಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಇಲ್ಲಿಗೆ ತರಿಸಿದನೆಂದು ಗೆಜೆಟಿಯರ್ ಹೇಳುತ್ತದೆ. ಮೊಗಲರ ಸುಬಾ ಕೇಂದ್ರವಾಗಿ ಮೆರೆದಿದ್ದ ಸಿರಾ ಆಮೇಲೆ ಚೇತರಿಸಿಕೊಳ್ಳಲಿಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಿತ್ತು. ಟಿಪ್ಪು ಕಾಲದಲ್ಲಿ ಇಲ್ಲಿ ಒಂದೂವರೆ ಲಕ್ಷ ಜನರಿದ್ದರೆಂದು ಅಂದಾಜಿಸಿದ ಕಂಪನಿಯ ಸಮೀಕ್ಷಕ ಬುಕಾನನ್ 1800ರಲ್ಲಿ ಕೊಟ್ಟ ಲೆಕ್ಕ 31,895. ಕಂಪನಿಯ ದಂಡು ಕೋಟೆಯಲ್ಲಿ ಬೀಡುಬಿಟ್ಟಿತಾದರೂ ಚಳಿಜ್ವರ ತಾಳಲಾರದೆ 1811ರ ಹೊತ್ತಿಗೆ ಅದರ ಕೇಂದ್ರ ಬೆಂಗಳೂರಿಗೆ ಹೋಯಿತು. ಹೊಳೆದಂಡೆಯ ಗ್ಯಾರಿಸನ್ ಸ್ಮಶಾನದಲ್ಲಿ ಆ ದಂಡಿನವರ, ಅವರ ಹೆಂಡಿರುಮಕ್ಕಳ ಗೋರಿಗಳಿವೆ.

ನನ್ನನ್ನು ಕಾಡಿದ್ದು ಇದೇ. ಸುಲ್ತಾನನಿಗೆ ಗುಂಬಜ್ ಇದೆ, ಬಂದಿಯಾಗಿ ಸತ್ತ ಕಂಪನಿಯ ಕರ್ನಲ್ ಬೇಲಿಗೂ ಅದರ ಹತ್ತಿರವೇ ಸ್ಮಾರಕವಿದೆ. ಗೆದ್ದವರ, ಸೋತವರ ಹೆಸರು ಕಲ್ಲಿನಲ್ಲಿವೆ. ಮನೆ, ಕೆರೆ, ಕುಲದೇವರನ್ನು ಬಿಟ್ಟು ಇನ್ನೂರು ಕಿಲೋಮೀಟರ್‌ಗೆ ಹತ್ತಿರದ ದಾರಿ ಸವೆಸಿ ಬಂದ ಸಿರಾದವರ ಸುದ್ದಿ ಹೇಳುವ ಒಂದು ಫಲಕವೂ ನನ್ನ ಕಣ್ಣಿಗೆ ಬೀಳಲಿಲ್ಲ. ‘ಸಿರಾದೋರಾ? ನಮ್ಮಜ್ಜ ಅಂತಿದ್ರು, ಯಾರ್ ಕೇಳ್ತಾರೆ ಸಾ,’ ಎಂದರು ಹಿರಿಯರು.

ಕೇಳಬೇಕು. ಗುಡಿಯ ಮುಂದಿನ ವಾಹನ ನಿಲ್ದಾಣದಲ್ಲೇ ಆ ಫಲಕ ನಿಲ್ಲಲಿ, ಪಕ್ಕದಲ್ಲಿ ಅಂಜೂರ ಮಾರಲು ಬೆಳೆಗಾರರಿಗೊಂದು ಕಟ್ಟೆ ಸಿಗಲಿ. ಇಲ್ಲಿಗೆ ಬರುವ ಸಾವಿರಾರು ಮಂದಿ ಊರಿನ ಕಥೆಯನ್ನೂ ಹಣ್ಣನ್ನೂ ಒಟ್ಟಿಗೆ ಒಯ್ಯುತ್ತಾರೆ.